ಹ್ಯಾಕ್, ಕ್ರ್ಯಾಕ್, ಮೋಸ: ಮೂರೂ ಬೇರೆ ಬೇರೆ

ಕೊಡಗಿನ ಯಾವುದೇ ವಾಟ್ಸಾಪ್ ಗ್ರೂಪ್ ತೆಗೆದು ನೋಡಿ. ಊರಿನ ಸಂಘದ್ದಿರಲಿ, ಹಳೇ ವಿದ್ಯಾರ್ಥಿಗಳದ್ದಿರಲಿ, ದಿನಾ ಕಾಫಿ, ಕರಿಮೆಣಸಿನ ರೇಟು ಹಾಕುವ ಗ್ರೂಪೇ ಇರಲಿ. ಆಗಾಗ ಒಂದು ಸಂದೇಶ ಬಂದೇ ಬರುತ್ತದೆ: "ನನ್ನ ಫೇಸ್‌ಬುಕ್ ಹ್ಯಾಕ್ ಆಗಿದೆ. ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ." ಕೆಳಗೆ ನಾಲ್ಕಾರು ಜನ ಕೈ ಮುಗಿಯುವ ಇಮೋಜಿ ಹಾಕುತ್ತಾರೆ. ಒಬ್ಬರು "ಪಾಸ್‌ವರ್ಡ್ ಚೇಂಜ್ ಮಾಡಿ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಆದರೆ ಎಷ್ಟೋ ಸಲ ಆ ಫೇಸ್‌ಬುಕ್ ಖಾತೆಯನ್ನು ಯಾರೂ ಮುಟ್ಟಿರುವುದೇ ಇಲ್ಲ. ಯಾರೋ ಅವರ ಫೋಟೋ ಇಳಿಸಿಕೊಂಡು, ಅದೇ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು, ಅವರ ಸ್ನೇಹಿತರಿಗೆಲ್ಲ ರಿಕ್ವೆಸ್ಟ್ ಕಳಿಸಿರುತ್ತಾರೆ. ಇದಕ್ಕೆ ಕಂಪ್ಯೂಟರ್ ಜ್ಞಾನ ಏನೂ ಬೇಡ. ಪಾಸ್‌ವರ್ಡ್ ಬದಲಿಸಿದರೆ ಆ ನಕಲಿ ಖಾತೆಗೆ ಏನೂ ಆಗುವುದಿಲ್ಲ. ಸ್ನೇಹಿತರೆಲ್ಲ ಸೇರಿ ನಕಲಿ ಖಾತೆಯನ್ನು ರಿಪೋರ್ಟ್ ಮಾಡಬೇಕು. ನಮ್ಮ ಫ್ರೆಂಡ್ಸ್ ಲಿಸ್ಟ್ ಎಲ್ಲರಿಗೂ ಕಾಣದ ಹಾಗೆ ಮುಚ್ಚಿಡಬೇಕು. ಮಾಡಬೇಕಾದ್ದು ಇಷ್ಟು.

ಓಟಿಪಿ ಹೇಳಿ ದುಡ್ಡು ಕಳೆದುಕೊಂಡರೂ ನಾವು "ಹ್ಯಾಕ್" ಅನ್ನುತ್ತೇವೆ. ಅಂಗಡಿಯ ಕಂಪ್ಯೂಟರಿನಲ್ಲಿ ಬಿಲ್ಲಿನ ಫೈಲುಗಳೆಲ್ಲ ಲಾಕ್ ಆದರೂ "ಹ್ಯಾಕ್" ಅನ್ನುತ್ತೇವೆ. ಮೊಬೈಲ್ ಸುಮ್ನೆ ಬಿಸಿಯಾದರೂ ಅದೇ ಮಾತು. ನಡೆದದ್ದಕ್ಕೆ ಸರಿಯಾದ ಹೆಸರಿಡದಿದ್ದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು ಅನ್ನುವುದೂ ತಪ್ಪುತ್ತದೆ. ದುಡ್ಡು ಹೋದಾಗ ಆ ಒಂದು ಗಂಟೆಯೇ ಮುಖ್ಯ. ಹಾಗಾಗಿ ಈ ಪದಗಳನ್ನು ಸ್ವಲ್ಪ ಬಿಡಿಸಿ ನೋಡೋಣ.

ರೈಲು ಆಟಿಕೆಯ ಕ್ಲಬ್ಬಿನಿಂದ

"ಹ್ಯಾಕ್" ಅನ್ನುವ ಮಾತು ಕಂಪ್ಯೂಟರ್ ಲೋಕಕ್ಕೆ ಬಂದದ್ದು ಒಂದು ಆಟಿಕೆ ರೈಲಿನ ಕ್ಲಬ್ಬಿನಿಂದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಎಂಬ ವಿದ್ಯಾರ್ಥಿಗಳ ಗುಂಪು ಇತ್ತು. 1950ರ ದಶಕದ ಕೊನೆಯ ಮಾತು ಇದು. ದೊಡ್ಡ ಮೇಜಿನ ಮೇಲೆ ಪುಟ್ಟ ರೈಲುಗಳು ಓಡುತ್ತಿದ್ದವು. ಮೇಜಿನ ಕೆಳಗೆ ಟೆಲಿಫೋನ್ ಎಕ್ಸ್‌ಚೇಂಜಿನ ಹಳೇ ರಿಲೇಗಳು, ಸ್ವಿಚ್ಚುಗಳು, ರಾಶಿ ರಾಶಿ ವೈರು. ಕೆಲವು ಹುಡುಗರಿಗೆ ಮೇಲಿನ ರೈಲಿಗಿಂತ ಕೆಳಗಿನ ವೈರಿನ ಮೇಲೇ ಹೆಚ್ಚು ಆಸೆ. ಇದ್ದ ಸಾಮಾನಿನಲ್ಲೇ ಯಾರೂ ಯೋಚಿಸದ ಹಾಗೆ ಒಂದು ಕೆಲಸ ಮಾಡಿ ತೋರಿಸಿದರೆ ಅದನ್ನು ಅವರು "ಹ್ಯಾಕ್" ಅಂದರು. ಮಾಡಿದವನು ಹ್ಯಾಕರ್. ಅದು ಹೊಗಳಿಕೆಯ ಮಾತು.

1961ರಲ್ಲಿ ಎಂಐಟಿಗೆ ಪಿಡಿಪಿ-1 ಎಂಬ ಕಂಪ್ಯೂಟರ್ ಬಂತು. ಅದರ ನೆನಪಿನ ಶಕ್ತಿ ಈಗಿನ ಲೆಕ್ಕದಲ್ಲಿ ಸುಮಾರು 9 ಕಿಲೋಬೈಟ್. ಇವತ್ತು ನಾವು ಗ್ರೂಪಿಗೆ ಹಾಕುವ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು 1962ರಲ್ಲಿ ಸ್ಪೇಸ್‌ವಾರ್ ಎಂಬ ಆಟ ಬರೆದರು. ಎರಡು ರಾಕೆಟ್, ನಡುವೆ ಒಂದು ನಕ್ಷತ್ರ, ಅದರ ಗುರುತ್ವಾಕರ್ಷಣೆ ಕೂಡ ಲೆಕ್ಕಕ್ಕೆ. ಆಟ ಆಡಲಿಕ್ಕೆ ಅಂತ ಆ ಯಂತ್ರವನ್ನು ಮಾಡಿರಲಿಲ್ಲ. ಅದರ ಒಳಗನ್ನು ಚೆನ್ನಾಗಿ ಅರಿತು, ಮಾಡಿದವರೇ ಊಹಿಸದ ಕೆಲಸವನ್ನು ಅದರಿಂದ ತೆಗೆದರು. ಹ್ಯಾಕಿಂಗ್‌ನ ಮೂಲ ಅರ್ಥ ಇದೇ.

ಇಂಥ ಕೆಲಸ ನಮ್ಮ ಭಾಷೆಯಲ್ಲೂ ಆಗಿದೆ. ಕನ್ನಡ ಟೈಪ್ ಮಾಡುವವರಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಗೊತ್ತಿರುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರ ಬೆರಳಿಗೆ ಅದು ಅಭ್ಯಾಸ. ಇಂಗ್ಲಿಷಿಗೆ ಅಂತ ಮಾಡಿದ ಕೀಬೋರ್ಡ್, ಅದರಲ್ಲಿ 26 ಅಕ್ಷರಗಳ ಕೀಲಿ. ನಮಗೆ ಕಾಗುಣಿತ, ಒತ್ತಕ್ಷರ ಎಲ್ಲ ಬೇಕು. ಅವರು ಕನ್ನಡವನ್ನು ಉಚ್ಚರಿಸುವ ಕ್ರಮವನ್ನೇ ಹಿಡಿದರು. ವ್ಯಂಜನ ಒತ್ತಿ, ಎಫ್ ಒತ್ತಿದರೆ ಅರ್ಧಾಕ್ಷರ. ಮುಂದಿನ ವ್ಯಂಜನ ಒತ್ತಿದರೆ ಅದು ತಾನಾಗಿ ಒತ್ತಕ್ಷರವಾಗಿ ಕೆಳಗೆ ಕೂರುತ್ತದೆ. ಒಂದೇ ಒಂದು ಕೀಲಿಯಿಂದ ಸಾವಿರಾರು ಜೋಡಣೆಗಳು ಸಾಧ್ಯವಾದವು. ರೈಲು ಕ್ಲಬ್ಬಿನ ಹುಡುಗರು ಇದನ್ನು ನೋಡಿದ್ದರೆ ಒಳ್ಳೇ ಹ್ಯಾಕ್ ಅಂತ ತಲೆದೂಗುತ್ತಿದ್ದರು ಅಂತ ನನ್ನ ನಂಬಿಕೆ.

2018ರ ಆಗಸ್ಟ್ ಕೊಡಗಿನವರು ಮರೆಯುವ ತಿಂಗಳಲ್ಲ. ನಮ್ಮಲ್ಲಿ ಗುಡ್ಡಗಳು ಕುಸಿದು ಊರಿಗೆ ಊರೇ ದಾರಿಯಿಲ್ಲದೆ ಕೂತಿದ್ದ ಅದೇ ದಿನಗಳಲ್ಲಿ ಪಕ್ಕದ ಕೇರಳ ನೀರಿನಲ್ಲಿ ಮುಳುಗಿತ್ತು. ಅಲ್ಲಿ ಸ್ವಯಂಸೇವಕ ಎಂಜಿನಿಯರುಗಳು ಕೇರಳ ರೆಸ್ಕ್ಯೂ ಎಂಬ ಜಾಲತಾಣವನ್ನು ಅವಸರದಲ್ಲಿ ಕಟ್ಟಿದರು. ಎಲ್ಲಿ ಯಾರು ಸಿಕ್ಕಿಹಾಕಿಕೊಂಡಿದ್ದಾರೆ, ಯಾವ ಕ್ಯಾಂಪಿಗೆ ಏನು ಬೇಕು ಎಲ್ಲ ಒಂದೇ ಕಡೆ ಬರುವ ಹಾಗೆ ಮಾಡಿದರು. ಅದರ ಕೋಡ್ ಎಲ್ಲರಿಗೂ ತೆರೆದಿತ್ತು. ಬಂದವರು ತಿದ್ದಿದರು, ಸೇರಿಸಿದರು. ಹ್ಯಾಕರ್ ಅಂದ ಕೂಡಲೇ ಟೋಪಿ ಹಾಕಿ ಕತ್ತಲಲ್ಲಿ ಕೂತವನ ಚಿತ್ರ ಕಣ್ಣಿಗೆ ಬರುತ್ತದಲ್ವಾ? ಈ ಹುಡುಗ ಹುಡುಗಿಯರನ್ನೂ ಅದೇ ಹೆಸರಿನಿಂದ ಕರೆಯಬೇಕು.

ಹೆಸರು ಕೆಟ್ಟದ್ದು ಹೇಗೆ?

1983ರಲ್ಲಿ ಅಮೆರಿಕದ ಮಿಲ್ವಾಕಿ ಊರಿನ ಕೆಲವು ಹುಡುಗರು ಸಿಕ್ಕಿಬಿದ್ದರು. ಊರಿನ ಫೋನ್ ಕೋಡ್ 414 ಆಗಿದ್ದರಿಂದ ಅವರ ಗುಂಪಿಗೆ 414 ಎಂದೇ ಹೆಸರು. ಮನೆಯ ಕಂಪ್ಯೂಟರಿಗೆ ಫೋನ್ ಲೈನಿನ ಮೋಡೆಮ್ ಸಿಕ್ಕಿಸಿ, ಅಣ್ವಸ್ತ್ರ ಸಂಶೋಧನೆಯ ಲಾಸ್ ಅಲಾಮೋಸ್ ಪ್ರಯೋಗಾಲಯ, ಒಂದು ಕ್ಯಾನ್ಸರ್ ಆಸ್ಪತ್ರೆ ಹೀಗೆ ಹತ್ತಾರು ಕಡೆಯ ಕಂಪ್ಯೂಟರುಗಳಿಗೆ ಹೊಕ್ಕಿದ್ದರು. ಪತ್ರಿಕೆಗಳ ಮುಖಪುಟದಲ್ಲಿ ಬಂತು. ಅಲ್ಲಿಂದ ಮುಂದೆ ಹ್ಯಾಕರ್ ಅಂದರೆ ಕಂಪ್ಯೂಟರಿಗೆ ಕನ್ನ ಹಾಕುವವನು ಅಂತಲೇ ಜನರಿಗೆ ಗೊತ್ತಾಯಿತು.

ಹಳೇ ಹ್ಯಾಕರುಗಳಿಗೆ ಇದು ತುಂಬಾ ನೋವಾಯಿತು. 1985ರ ಸುಮಾರಿಗೆ ಅವರು ಕನ್ನ ಹಾಕುವವರಿಗೆ ಬೇರೆ ಹೆಸರಿಟ್ಟರು: ಕ್ರ್ಯಾಕರ್. 1993ರ ಜನವರಿಯಲ್ಲಿ ಆರ್‌ಎಫ್‌ಸಿ 1392 ಎಂಬ ಇಂಟರ್ನೆಟ್ ಪದಕೋಶ ಬಂದಾಗ ಎರಡನ್ನೂ ಬೇರೆ ಬೇರೆಯಾಗಿಯೇ ವಿವರಿಸಿತು. ವ್ಯವಸ್ಥೆಯ ಒಳಗು ಹೇಗೆ ಕೆಲಸ ಮಾಡುತ್ತದೆ ಅಂತ ಆಳವಾಗಿ ತಿಳಿದು ಖುಷಿಪಡುವವನು ಹ್ಯಾಕರ್. ಅನುಮತಿ ಇಲ್ಲದೆ ಒಳಗೆ ನುಗ್ಗಲು ನೋಡುವವನು ಕ್ರ್ಯಾಕರ್. ಪದಕೋಶ ಹೇಳಿದ್ದನ್ನು ಪತ್ರಿಕೆಗಳು ಕೇಳಲಿಲ್ಲ. ಇವತ್ತಿಗೂ ನಮ್ಮ ಟಿವಿಗಳಲ್ಲಿ "ಹ್ಯಾಕರ್‌ಗಳ ಕೈಚಳಕ" ಅಂತಲೇ ಬರುತ್ತದೆ. ಆಮೇಲೆ ಬಂದ ವೈಟ್ ಹ್ಯಾಟ್, ಬ್ಲ್ಯಾಕ್ ಹ್ಯಾಟ್ ಎಂಬ ಮಾತುಗಳು ಈಗ ಹೆಚ್ಚು ಚಾಲ್ತಿಯಲ್ಲಿವೆ. ಅನುಮತಿ ಪಡೆದು ದೋಷ ಹುಡುಕುವವನು ಬಿಳಿ ಟೋಪಿ, ಕದಿಯಲು ನುಗ್ಗುವವನು ಕಪ್ಪು ಟೋಪಿ. ಕೇಳದೆ ನುಗ್ಗಿ, ಆಮೇಲೆ "ನಿಮ್ಮಲ್ಲಿ ತೂತು ಇದೆ" ಅಂತ ಹೇಳುವವನು ಬೂದು ಟೋಪಿ.

ಎರಡು ಬಗೆಯ ಮನಸ್ಸೂ ಒಂದೇ ಕಥೆಯಲ್ಲಿ ಕಾಣುವುದು 1986ರಲ್ಲಿ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿಗೆ ಒಂದು ಸಣ್ಣ ಕೆಲಸ ಬಂತು. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಸ್ಟೋಲ್ ಬಿಡಲಿಲ್ಲ. ಯಾರೋ 9 ಸೆಕೆಂಡ್ ಲೆಕ್ಕಕ್ಕೆ ಸಿಗದೆ ಕಂಪ್ಯೂಟರ್ ಬಳಸಿದ್ದರು. ಆ ಎಳೆ ಹಿಡಿದು ತಿಂಗಳುಗಟ್ಟಲೆ ಹಿಂಬಾಲಿಸಿದರು. ಕಳ್ಳ ಹೆಚ್ಚು ಹೊತ್ತು ಲೈನಿನಲ್ಲಿ ಇರಲಿ, ಫೋನಿನ ಜಾಡು ಸಿಗಲಿ ಅಂತ ಸುಳ್ಳು ರಕ್ಷಣಾ ದಾಖಲೆಗಳನ್ನೇ ಬರೆದು ಇಟ್ಟರು. ಜಾಡು ಹೋಗಿ ಮುಟ್ಟಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ. ಅಲ್ಲಿ ಮಾರ್ಕುಸ್ ಹೆಸ್ ಎಂಬಾತ ಅಮೆರಿಕದ ಮಿಲಿಟರಿ ಕಂಪ್ಯೂಟರುಗಳಿಂದ ಮಾಹಿತಿ ಕದ್ದು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದ. ಈ ಕಥೆಯಲ್ಲಿ ಕ್ರ್ಯಾಕರ್ ಹೆಸ್. ಮುಕ್ಕಾಲು ಡಾಲರಿನ ವ್ಯತ್ಯಾಸವನ್ನು ಬೆನ್ನು ಹತ್ತಿದ ಸ್ಟೋಲ್ ನಿಜವಾದ ಹ್ಯಾಕರ್.

ಪಾಸ್‌ವರ್ಡ್ ಒಡೆಯುವುದು

ಕ್ರ್ಯಾಕಿಂಗ್ ಅನ್ನುವ ಮಾತು ಈಗ ಜಾಸ್ತಿ ಬಳಕೆಯಾಗುವುದು ಎರಡು ಕಡೆ. ಒಂದು ಪಾಸ್‌ವರ್ಡ್, ಇನ್ನೊಂದು ಸಾಫ್ಟ್‌ವೇರ್. ಪಾಸ್‌ವರ್ಡಿನದ್ದು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಲ್ಲಿ ಲೆಕ್ಕ ಇದೆ.

ಸರಿಯಾಗಿ ಕಟ್ಟಿದ ಜಾಲತಾಣ ನಿಮ್ಮ ಪಾಸ್‌ವರ್ಡನ್ನು ಹಾಗೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಒಂದು ಗಣಿತದ ಯಂತ್ರಕ್ಕೆ ಹಾಕಿ, ಹೊರಗೆ ಬಂದದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹೊರಗೆ ಬಂದದ್ದಕ್ಕೆ ಹ್ಯಾಶ್ ಅನ್ನುತ್ತಾರೆ. ಹುರಿದ ಕಾಫಿ ಬೀಜವನ್ನು ಪುಡಿ ಮಾಡಿದ ಹಾಗೆ ಇದು: ಬೀಜದಿಂದ ಪುಡಿ ಆಗುತ್ತದೆ, ಪುಡಿಯಿಂದ ಮತ್ತೆ ಬೀಜ ಆಗುವುದಿಲ್ಲ. ನೀವು ಮುಂದಿನ ಸಲ ಲಾಗಿನ್ ಆದಾಗ ನೀವು ಕೊಟ್ಟದ್ದನ್ನು ಮತ್ತೆ ಅದೇ ಯಂತ್ರಕ್ಕೆ ಹಾಕುತ್ತಾರೆ. ಹ್ಯಾಶ್ ತಾಳೆಯಾದರೆ ಒಳಗೆ ಬಿಡುತ್ತಾರೆ.

ಹಾಗಾದರೆ ಹ್ಯಾಶ್‌ಗಳ ಪಟ್ಟಿ ಕದ್ದವನಿಗೆ ಏನು ಲಾಭ? ಅವನು ಹಿಂದಕ್ಕೆ ಹೋಗಲಾರ, ಆದರೆ ಊಹಿಸಬಲ್ಲ. ಒಂದು ಪದ ತೆಗೆದುಕೊಂಡು ಅದರ ಹ್ಯಾಶ್ ಮಾಡಿ ನೋಡುತ್ತಾನೆ. ತಾಳೆಯಾಗದಿದ್ದರೆ ಮುಂದಿನದು. ಕಂಪ್ಯೂಟರಿಗೆ ಇದರಲ್ಲಿ ಬೇಸರ ಇಲ್ಲ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3 ಕೋಟಿಗೂ ಹೆಚ್ಚು ಪಾಸ್‌ವರ್ಡುಗಳು ಸೋರಿದವು. ಆ ಕಂಪನಿ ಹ್ಯಾಶ್ ಕೂಡ ಮಾಡದೆ ಎಲ್ಲವನ್ನೂ ಹಾಗೇ ಇಟ್ಟಿತ್ತು. ಅದರಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದ ಪಾಸ್‌ವರ್ಡ್ 123456. ಆ ಪಟ್ಟಿ ಇವತ್ತಿಗೂ ಊಹೆ ಮಾಡುವವರ ಕೈಪಿಡಿ. ಮನುಷ್ಯರು ಹೇಗೆ ಯೋಚಿಸುತ್ತಾರೆ ಅನ್ನುವುದು ಅದರಲ್ಲಿ ಇದೆ. ಮೊದಲ ಅಕ್ಷರ ದೊಡ್ಡದು, ಕೊನೆಗೆ ಒಂದು @, ಆಮೇಲೆ 123 ಅಥವಾ ಹುಟ್ಟಿದ ವರ್ಷ. ಕೂರ್ಗ್@123 ಅಂತ ಇಟ್ಟವರು ತಾವು ಮೂರು ಬಗೆಯ ಅಕ್ಷರ ಬಳಸಿದ್ದೇವೆ ಅಂದುಕೊಳ್ಳುತ್ತಾರೆ. ಒಡೆಯುವ ಸಾಫ್ಟ್‌ವೇರ್ ಮೊದಲ ಕೆಲವು ನಿಮಿಷಗಳಲ್ಲೇ ಇಂಥವನ್ನು ನೋಡಿ ಮುಗಿಸುತ್ತದೆ.

ನಮ್ಮ ಹೋಂಸ್ಟೇಗಳ ವೈಫೈ ತೆಗೆದುಕೊಳ್ಳಿ. ತುಂಬಾ ಕಡೆ ಮಾಲೀಕರ ಮೊಬೈಲ್ ನಂಬರೇ ಪಾಸ್‌ವರ್ಡ್. ಅತಿಥಿಗಳಿಗೆ ಹೇಳುವುದು ಸುಲಭ ಅಂತ. ಆ ನಂಬರ್ ಗೇಟಿನ ಬೋರ್ಡಿನಲ್ಲೇ ಇದೆ ಅನ್ನುವುದು ಒಂದು ಮಾತು. ಬೋರ್ಡಿನಲ್ಲಿ ಇಲ್ಲ ಅಂದುಕೊಳ್ಳೋಣ. ಭಾರತದ ಮೊಬೈಲ್ ನಂಬರ್ 10 ಅಂಕಿ, ಶುರುವಾಗುವುದು 6, 7, 8 ಅಥವಾ 9ರಿಂದ. ಅಂದರೆ ಒಟ್ಟು ಸಾಧ್ಯತೆ 400 ಕೋಟಿ. ದೊಡ್ಡ ಸಂಖ್ಯೆಯ ಹಾಗೆ ಕಾಣುತ್ತದೆ. ಆದರೆ ಒಂದು ಫೋನ್ ವೈಫೈಗೆ ಸೇರುವಾಗ ಗಾಳಿಯಲ್ಲಿ ನಡೆಯುವ ಮಾತುಕತೆಯನ್ನು ಯಾರಾದರೂ ಹಿಡಿದಿಟ್ಟುಕೊಂಡರೆ, ಆಮೇಲೆ ಮನೆಯಲ್ಲಿ ಕೂತು ಊಹಿಸಬಹುದು. ಈಗಿನ ಒಂದು ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇಂಥ ಊಹೆಗಳನ್ನು ಸೆಕೆಂಡಿಗೆ 10 ಲಕ್ಷದ ಆಸುಪಾಸಿನಲ್ಲಿ ಮಾಡುತ್ತದೆ. 400 ಕೋಟಿಯನ್ನು 10 ಲಕ್ಷದಿಂದ ಭಾಗಿಸಿ: 4,000 ಸೆಕೆಂಡ್. ಒಂದು ಗಂಟೆ ಏಳು ನಿಮಿಷ.

ಉದ್ದವೇ ನಿಜವಾದ ಬಲ. ಬರೀ ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡಿಗೆ ನಾಲ್ಕು ಅಕ್ಷರ ಸೇರಿಸಿದರೆ ಸಾಧ್ಯತೆಗಳು 4,56,976 ಪಟ್ಟು ಹೆಚ್ಚುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಜೋಡಿಸಿದರೆ ನೆನಪಿಡಲೂ ಸುಲಭ, ಒಡೆಯಲೂ ಕಷ್ಟ.

ಜಾಲತಾಣ ನಡೆಸುವವರ ಕಡೆಯಿಂದಲೂ ಒಂದು ಕೆಲಸ ಇದೆ. ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳನ್ನು ಸೇರಿಸಿ ಆಮೇಲೆ ಹ್ಯಾಶ್ ಮಾಡುವುದು. ಇದಕ್ಕೆ ಸಾಲ್ಟ್ ಅನ್ನುತ್ತಾರೆ. ಆಗ ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಹ್ಯಾಶ್ ಬೇರೆ ಬರುತ್ತದೆ. ಕಳ್ಳ ಒಬ್ಬೊಬ್ಬರಿಗೂ ಮೊದಲಿನಿಂದ ಊಹೆ ಶುರು ಮಾಡಬೇಕಾಗುತ್ತದೆ. ಇದನ್ನು ವಿವರಿಸಿ 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಒಂದು ಪ್ರಬಂಧ ಬರೆದರು. ಒಂಬತ್ತು ವರ್ಷ ಕಳೆದು, 1988ರ ನವೆಂಬರ್ 2ರಂದು, ಅದೇ ರಾಬರ್ಟ್ ಮಾರಿಸ್ ಅವರ ಮಗ ಬಿಟ್ಟ ಒಂದು ಪ್ರೋಗ್ರಾಂ ಇಂಟರ್ನೆಟ್ಟಿನ ಸಾವಿರಾರು ಕಂಪ್ಯೂಟರುಗಳನ್ನು ಕೆಡವಿತು. ಅದು ಬಳಸಿದ ದಾರಿಗಳಲ್ಲಿ ಒಂದು ಪಾಸ್‌ವರ್ಡ್ ಊಹಿಸುವುದು. 432 ಪದಗಳ ಪಟ್ಟಿ ಅದರ ಹೊಟ್ಟೆಯಲ್ಲೇ ಇತ್ತು. ಹಾಳು ಮಾಡುವುದು ತನ್ನ ಉದ್ದೇಶ ಆಗಿರಲಿಲ್ಲ ಅಂತ ಮಗ ಹೇಳಿದ. ಒಂದು ಯಂತ್ರಕ್ಕೆ ಮತ್ತೆ ಮತ್ತೆ ಹೊಗುವ ಹಾಗೆ ಬರೆದದ್ದರಿಂದ ಅದು ಕೈ ಮೀರಿತು. ನ್ಯಾಯಾಲಯ ಅವನಿಗೆ ಮೂರು ವರ್ಷ ಪ್ರೊಬೇಷನ್, 400 ಗಂಟೆ ಸಮಾಜಸೇವೆ ಮತ್ತು ದಂಡ ವಿಧಿಸಿತು. ಆಮೇಲೆ ಆತ ಎಂಐಟಿಯಲ್ಲೇ ಪ್ರಾಧ್ಯಾಪಕನಾದ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್

ಇದು ನಮ್ಮ ಪೇಟೆಗಳಿಗೆ ಚೆನ್ನಾಗಿ ಗೊತ್ತಿರುವ ಪದ. "ಒರಿಜಿನಲ್ ಬೇಡ, ಕ್ರ್ಯಾಕ್ ಹಾಕಿಕೊಡಿ ಅಣ್ಣ" ಅಂತ ಕೇಳುವವರು ಈಗಲೂ ಇದ್ದಾರೆ. ಮದುವೆ ಕಾರ್ಡ್ ಮಾಡುವ ಡಿಟಿಪಿ ಸೆಂಟರ್, ಫೋಟೋ ಸ್ಟುಡಿಯೋ, ಲೆಕ್ಕ ಬರೆಯುವ ಆಫೀಸು, ಎಲ್ಲ ಕಡೆ.

ಒಳಗೆ ನಡೆಯುವುದು ಇಷ್ಟೇ. ಪ್ರೋಗ್ರಾಂ ಶುರುವಾದಾಗ ಒಂದು ಕಡೆ "ಲೈಸೆನ್ಸ್ ಸರಿ ಇದೆಯಾ?" ಅಂತ ನೋಡುತ್ತದೆ. ಸರಿ ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು. ನಮ್ಮ ಮಾಮೂಲಿ ಕಂಪ್ಯೂಟರುಗಳ ಭಾಷೆಯಲ್ಲಿ "ಸಮ ಇದ್ದರೆ ಜಿಗಿ" ಅನ್ನುವ ಆಜ್ಞೆಯ ಸಂಕೇತ 74, "ಸಮ ಇಲ್ಲದಿದ್ದರೆ ಜಿಗಿ" ಅನ್ನುವುದರ ಸಂಕೇತ 75. ಹಳೇ ಕಾಲದ ಎಷ್ಟೋ ಪ್ರೋಗ್ರಾಂಗಳಲ್ಲಿ ಸರಿಯಾದ ಜಾಗದಲ್ಲಿ ಆ ಒಂದು ಬೈಟ್ ಬದಲಿಸಿದರೆ ಸಾಕಿತ್ತು. ಲೈಸೆನ್ಸ್ ಇಲ್ಲದವರನ್ನೇ ಅದು ಸ್ವಾಗತಿಸುತ್ತಿತ್ತು. ಆ ಜಾಗ ಹುಡುಕುವುದಕ್ಕೆ ನಿಜವಾದ ಬುದ್ಧಿ ಬೇಕು, ಅದನ್ನು ಒಪ್ಪಲೇಬೇಕು. ಈಗಿನ ಸಾಫ್ಟ್‌ವೇರ್‌ಗಳು ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಅಪಾಯ ಇರುವುದು ಆ ಫೈಲು ನಮ್ಮ ಕೈಗೆ ಬರುವ ದಾರಿಯಲ್ಲಿ. ಕ್ರ್ಯಾಕ್ ಹಾಕುವಾಗ ಮೊದಲ ಸೂಚನೆಯೇ "ಆಂಟಿವೈರಸ್ ಆಫ್ ಮಾಡಿ". ಕಾವಲಿಗೆ ಇದ್ದದ್ದನ್ನು ನಾವೇ ಕಳಿಸಿಬಿಡುತ್ತೇವೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಸ್ಟಾಪ್ ಎಂಬ ರ್‍ಯಾನ್ಸಮ್‌ವೇರ್ ಮುಖ್ಯವಾಗಿ ಹರಡಿದ್ದೇ ಕ್ರ್ಯಾಕ್ ಮತ್ತು ಕೀಜೆನ್ (ನಕಲಿ ಲೈಸೆನ್ಸ್ ನಂಬರ್ ಹುಟ್ಟಿಸುವ) ಫೈಲುಗಳ ಮೂಲಕ. ಸ್ಟುಡಿಯೋದಲ್ಲಿ ಐದು ವರ್ಷದ ಮದುವೆ ಫೋಟೋಗಳು ಒಂದೇ ರಾತ್ರಿಯಲ್ಲಿ ತೆರೆಯಲಾಗದಂತೆ ಆದರೆ ಆ ಸ್ಟುಡಿಯೋದವರು ಮದುವೆ ಮನೆಯವರಿಗೆ ಏನು ಹೇಳಬೇಕು? ದುಡ್ಡು ಕಡಿಮೆ ಇದ್ದರೆ ಆಫೀಸ್ ಕೆಲಸಕ್ಕೆ ಲಿಬ್ರೆ ಆಫೀಸ್, ಫೋಟೋಗೆ ಗಿಂಪ್, ಡಿಸೈನಿಗೆ ಇಂಕ್‌ಸ್ಕೇಪ್ ಇವೆ. ಉಚಿತ, ಕಾನೂನುಬದ್ಧ, ಯೂನಿಕೋಡ್ ಕನ್ನಡವೂ ಬರುತ್ತದೆ.

ನಿಜವಾದ ಕನ್ನ, ನಿಜವಾದ ಸಹಾಯ

ಮೇಲಿನದೆಲ್ಲ ನೋಡಿ, ಹ್ಯಾಕ್ ಅನ್ನುವುದು ಬರೀ ತಪ್ಪು ತಿಳಿವಳಿಕೆ ಅಂದುಕೊಳ್ಳಬೇಡಿ. ನಿಜವಾಗಿ ಕನ್ನ ಹಾಕುವುದೂ ನಡೆಯುತ್ತದೆ. 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ನುಗ್ಗಿ, ಗುತ್ತಿಗೆದಾರರು ಟೆಂಡರಿಗೆ ಕಟ್ಟಿದ್ದ ಇಎಂಡಿ (ಮುಂಗಡ ಠೇವಣಿ) ಹಣದಲ್ಲಿ 11.5 ಕೋಟಿ ರೂಪಾಯಿಯನ್ನು ಕಳ್ಳರು ಸಾಗಿಸಿದರು. ಅಲ್ಲಿ ಯಾವ ಗುತ್ತಿಗೆದಾರನೂ ಓಟಿಪಿ ಹೇಳಿ ಕೆಟ್ಟಿರಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಘಟನೆ ಇಟ್ಟು ನೋಡಿ. 2016ರಲ್ಲಿ ಬೆಂಗಳೂರಿನ ಆನಂದ್ ಪ್ರಕಾಶ್ ಎಂಬ ಎಂಜಿನಿಯರ್ ಫೇಸ್‌ಬುಕ್ಕಿನಲ್ಲಿ ಒಂದು ದೋಷ ಕಂಡುಹಿಡಿದರು. ಪಾಸ್‌ವರ್ಡ್ ಮರೆತಾಗ ಫೇಸ್‌ಬುಕ್ 6 ಅಂಕಿಯ ಕೋಡ್ ಕಳಿಸುತ್ತದೆ. ಅಂದರೆ 10 ಲಕ್ಷ ಸಾಧ್ಯತೆ. ಮುಖ್ಯ ಜಾಲತಾಣದಲ್ಲಿ ಹತ್ತು ಹನ್ನೆರಡು ಸಲ ತಪ್ಪು ಹಾಕಿದರೆ ತಡೆಯುತ್ತಿತ್ತು. ಪರೀಕ್ಷೆಗೆ ಅಂತ ಇದ್ದ ಬೀಟಾ ಜಾಲತಾಣದಲ್ಲಿ ಆ ತಡೆ ಹಾಕಲು ಮರೆತಿದ್ದರು. ಅಲ್ಲಿ ಎಷ್ಟು ಸಲ ಬೇಕಾದರೂ ಊಹಿಸಬಹುದಿತ್ತು. ಯಾರ ಖಾತೆಗೆ ಬೇಕಾದರೂ ಹೋಗಬಹುದಿತ್ತು. ಅವರು ಪ್ರಯತ್ನಿಸಿದ್ದು ತಮ್ಮದೇ ಖಾತೆಯ ಮೇಲೆ. ಆಮೇಲೆ ಕಂಪನಿಗೆ ತಿಳಿಸಿದರು. ಫೇಸ್‌ಬುಕ್ ಅದನ್ನು ಸರಿಪಡಿಸಿ 15,000 ಡಾಲರ್ ಬಹುಮಾನ ಕೊಟ್ಟಿತು. ಇಂಥ ಬಹುಮಾನಕ್ಕೆ ಬಗ್ ಬೌಂಟಿ ಅನ್ನುತ್ತಾರೆ. ಜಾಣತನ ಎರಡೂ ಕಡೆ ಒಂದೇ. ಯಾರ ಖಾತೆ, ಯಾರ ಒಪ್ಪಿಗೆ, ಕೊನೆಗೆ ಯಾರಿಗೆ ಹೇಳಿದರು ಅನ್ನುವುದು ಬೇರೆ.

ಬರೀ ಮೋಸಕ್ಕೆ ಕಂಪ್ಯೂಟರ್ ಬೇಡ

ಕೊಡಗಿನಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಈ ಭಾಗ. ಫೋನ್ ಬರುತ್ತದೆ. ಹಿಂದಿಯಲ್ಲಿ ಮಾತು. "ಮೇಡಂ, ನಾನು ಆರ್ಮಿಯಿಂದ. ನಮ್ಮ ಯೂನಿಟ್ಟಿನವರಿಗೆ ನಾಲ್ಕು ರೂಮ್ ಬೇಕು, ಮೂರು ದಿನಕ್ಕೆ." ಯೂನಿಫಾರ್ಮಿನ ಫೋಟೋ ಬರುತ್ತದೆ, ಐಡಿ ಕಾರ್ಡ್ ಬರುತ್ತದೆ. ದರದ ಬಗ್ಗೆ ಚೌಕಾಶಿ ಇಲ್ಲ. ಅಡ್ವಾನ್ಸ್ ಈಗಲೇ ಕೊಡುತ್ತೇನೆ ಅನ್ನುತ್ತಾನೆ. "ಆದರೆ ಆರ್ಮಿ ಖಾತೆಯ ರೂಲ್ಸ್ ಬೇರೆ ಮೇಡಂ. ನಾನು ಒಂದು ಕ್ಯೂಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮಗೆ ಬರುತ್ತದೆ." ಪಿನ್ ಹಾಕಿದ ಕೂಡಲೇ ದುಡ್ಡು ಹೋಗುತ್ತದೆ.

ಈ ಮೋಸ ದೇಶದ ಎಲ್ಲ ಕಡೆ ಇದೆ. ಆದರೆ ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಇದಕ್ಕೆ ಬೇರೆಯೇ ಬಲ. ಇಲ್ಲಿ ಮನೆಗೊಬ್ಬರಂತೆ ಸೈನ್ಯಕ್ಕೆ ಹೋದ ಕುಟುಂಬಗಳಿವೆ. ಸೈನಿಕ ಅಂದರೆ ಅನುಮಾನ ಪಡುವ ಅಭ್ಯಾಸ ನಮಗಿಲ್ಲ. ಮೋಸಗಾರ ಮುರಿಯುವುದು ಆ ಗೌರವವನ್ನು. ಇದಕ್ಕೆ ಸೋಷಿಯಲ್ ಎಂಜಿನಿಯರಿಂಗ್ ಎಂಬ ದೊಡ್ಡ ಹೆಸರಿದೆ. 1995ರಲ್ಲಿ ಸಿಕ್ಕಿಬಿದ್ದು ಸುಮಾರು ಐದು ವರ್ಷ ಜೈಲಿನಲ್ಲಿದ್ದ ಅಮೆರಿಕದ ಕೆವಿನ್ ಮಿಟ್ನಿಕ್ ಇದರಲ್ಲಿ ಪಳಗಿದವನು. ಫೋನ್ ಮಾಡಿ, ತಾನೂ ಅದೇ ಕಂಪನಿಯವನು ಅಂತ ಮಾತಾಡಿ, ಜನರಿಂದಲೇ ಬೇಕಾದ್ದನ್ನು ಹೇಳಿಸುತ್ತಿದ್ದ.

ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಡವೇ ಬೇಡ. ಕಳಿಸಲಿಕ್ಕೆ ಬೇಕು, ಬ್ಯಾಲೆನ್ಸ್ ನೋಡಲಿಕ್ಕೆ ಬೇಕು. ಹೋಂಸ್ಟೇ ನಡೆಸುವ ಪ್ರತಿ ಮನೆಯಲ್ಲೂ ಇದನ್ನು ಬರೆದು ಅಂಟಿಸಿದರೆ ತಪ್ಪಿಲ್ಲ.

ಈಗ ಆ ಮೊದಲ ಒಂದು ಗಂಟೆಯ ವಿಷಯ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಹಣ ಮುಂದಿನ ಖಾತೆಗಳಿಗೆ ಹಾರುವ ಮೊದಲು ತಡೆಯಲು ಸಾಧ್ಯವಾಗುವುದು ಆಗಲೇ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ದೂರು ಕೊಡಿ, ಇಲ್ಲವೇ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ವಾಟ್ಸಾಪ್ ಬೇರೆಯವರ ಕೈಗೆ ಹೋಗಿದ್ದರೆ, ನಿಮ್ಮ ನಂಬರಿನಲ್ಲೇ ಮತ್ತೆ ರಿಜಿಸ್ಟರ್ ಮಾಡಿ. ಹೊಸ ಓಟಿಪಿ ಹಾಕಿದ ಕೂಡಲೇ ಅವರು ಹೊರಗೆ ಬೀಳುತ್ತಾರೆ. ಆಮೇಲೆ ಟೂ ಸ್ಟೆಪ್ ವೆರಿಫಿಕೇಷನ್ ಹಾಕಿ. ಮದುವೆ ಕಾರ್ಡ್, ಟ್ರಾಫಿಕ್ ದಂಡ ಅಂತ ಬಂದ ಎಪಿಕೆ ಫೈಲು (ಫೋನಿಗೆ ಆ್ಯಪ್ ಹಾಕುವ ಫೈಲು) ಒತ್ತಿದ್ದರೆ ಮೊದಲು ಮೊಬೈಲ್ ಡೇಟಾ, ವೈಫೈ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಕಂಪ್ಯೂಟರಿನ ಫೈಲುಗಳು ಲಾಕ್ ಆಗಿದ್ದರೆ ನೆಟ್ ಕೇಬಲ್ ಕಿತ್ತುಹಾಕಿ, ಆದರೆ ಕೂಡಲೇ ಫಾರ್ಮ್ಯಾಟ್ ಮಾಡಿಸಬೇಡಿ. ಕೆಲವು ರ್‍ಯಾನ್ಸಮ್‌ವೇರ್‌ಗಳಿಗೆ ಬೀಗ ತೆಗೆಯುವ ಉಚಿತ ಸಾಧನಗಳು ಇವೆ, ಫೈಲುಗಳು ಉಳಿದಿದ್ದರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ.

ಕಾನೂನು ಏನು ಹೇಳುತ್ತದೆ?

ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲಿ ಬಂದಾಗ ಅದರ 66ನೇ ಕಲಮಿನ ತಲೆಬರಹದಲ್ಲೇ "ಹ್ಯಾಕಿಂಗ್" ಅಂತ ಇತ್ತು. 2008ರ ತಿದ್ದುಪಡಿ 2009ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗ ಆ ಪದ ಹೋಯಿತು. ಈಗ ಅಲ್ಲಿರುವುದು "ಕಂಪ್ಯೂಟರಿಗೆ ಸಂಬಂಧಿಸಿದ ಅಪರಾಧಗಳು". ಕಾನೂನು ಈಗ ನೋಡುವುದು ಎರಡು ವಿಷಯ. 43ನೇ ಕಲಮು ಕೇಳುವುದು ಮಾಲೀಕರ ಅನುಮತಿ ಇತ್ತಾ ಅಂತ. ಅನುಮತಿ ಇಲ್ಲದೆ ಒಳಗೆ ಹೋದರೆ, ಡೇಟಾ ನಕಲು ಮಾಡಿದರೆ, ವೈರಸ್ ಬಿಟ್ಟರೆ ಪರಿಹಾರ ಕೊಡಬೇಕು. ಅದನ್ನೇ ಅಪ್ರಾಮಾಣಿಕತೆಯಿಂದ ಅಥವಾ ವಂಚಿಸುವ ಉದ್ದೇಶದಿಂದ ಮಾಡಿದ್ದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೇರೆಯವರ ಪಾಸ್‌ವರ್ಡ್ ದುರುಪಯೋಗಕ್ಕೆ 66ಸಿ, ಬೇರೆಯವರಂತೆ ನಟಿಸಿ ಕಂಪ್ಯೂಟರ್ ಮೂಲಕ ವಂಚಿಸಿದರೆ 66ಡಿ. ಫೇಸ್‌ಬುಕ್ಕಿನಲ್ಲಿ ನಕಲಿ ಖಾತೆ ಮಾಡಿ ದುಡ್ಡು ಕೇಳುವವನು ಬರುವುದು ಈ ಕಲಮಿಗೆ.

"ನಾನು ಒಳ್ಳೇದಕ್ಕೇ ನೋಡಿದೆ" ಅನ್ನುವ ಬೂದು ಟೋಪಿಯವರಿಗೆ ಇಲ್ಲಿ ರಕ್ಷಣೆ ಇಲ್ಲ. ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ಕಾಲೇಜಿನ ರಿಸಲ್ಟ್ ಪೇಜಿನ ವಿಳಾಸದಲ್ಲಿ ಒಂದು ನಂಬರ್ ಬದಲಿಸಿದರೆ ಬೇರೆಯವರ ಅಂಕಪಟ್ಟಿ ಕಾಣುತ್ತದೆ ಅಂತ ಗೊತ್ತಾದರೆ ಕುತೂಹಲ ಹುಟ್ಟುವುದು ಸಹಜ. ಎಲ್ಲರ ಅಂಕಪಟ್ಟಿ ಇಳಿಸಿಕೊಂಡು ಗೆಳೆಯರಿಗೆ ತೋರಿಸಿದರೆ ಅಲ್ಲಿಗೆ 43ನೇ ಕಲಮು ಬಂತು.

ಕಲಿಯುವ ಆಸೆ ಇದ್ದವರಿಗೆ ದಾರಿ ಬೇಕಾದಷ್ಟಿದೆ. ಹಳೇ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಿ. ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರಿನಲ್ಲಿ) ಬೇಕೆಂದೇ ದೋಷ ಇಟ್ಟು ಮಾಡಿದ ಅಭ್ಯಾಸದ ಜಾಲತಾಣಗಳನ್ನು ಓಡಿಸಿ, ಅವನ್ನು ಒಡೆಯಿರಿ, ಆಮೇಲೆ ತೂತು ಮುಚ್ಚುವುದು ಹೇಗೆ ಅಂತ ನೋಡಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ನಡೆಸುವ ಪಿಕೊಸಿಟಿಎಫ್ ಎಂಬ ಹ್ಯಾಕಿಂಗ್ ಅಭ್ಯಾಸದ ಸ್ಪರ್ಧೆ ಶಾಲಾ ಮಕ್ಕಳಿಗೂ ತೆರೆದಿದೆ, ಉಚಿತ. ಕೈ ಪಳಗಿದ ಮೇಲೆ ಬಗ್ ಬೌಂಟಿ ಇರುವ ಕಂಪನಿಗಳ ನಿಯಮ ಓದಿ, ಅವರು ಬರೆದ ಎಲ್ಲೆಯೊಳಗೆ ಹುಡುಕಿ. ಸರ್ಕಾರಿ ಜಾಲತಾಣದಲ್ಲೋ ಬೇರೆ ಉತ್ಪನ್ನದಲ್ಲೋ ದೋಷ ಕಣ್ಣಿಗೆ ಬಿದ್ದರೆ, ಮುಂದೆ ಕೆದಕದೆ ಅಲ್ಲಿಗೇ ನಿಲ್ಲಿಸಿ ಸರ್ಟ್-ಇನ್ ಸಂಸ್ಥೆಗೆ ಬರೆಯಿರಿ. 2004ರಿಂದ ಕೆಲಸ ಮಾಡುತ್ತಿರುವ ಈ ಕೇಂದ್ರ ಸರ್ಕಾರದ ಸಂಸ್ಥೆ ಇಂಥ ವರದಿಗಳನ್ನು ತೆಗೆದುಕೊಂಡು ಸಂಬಂಧಪಟ್ಟವರಿಗೆ ತಲುಪಿಸುತ್ತದೆ. ವರದಿಯಲ್ಲಿ ಯಾವ ಪುಟ, ಯಾವ ಹೆಜ್ಜೆಗಳಲ್ಲಿ ದೋಷ ಕಂಡಿತು, ಯಾವ ದಿನ ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ. ಬೇರೆಯವರ ಮಾಹಿತಿ ಕಾಣುವ ಸ್ಕ್ರೀನ್‌ಶಾಟ್ ಇದ್ದರೆ ಹೆಸರು, ನಂಬರುಗಳನ್ನು ಮಸುಕು ಮಾಡಿ ಕಳಿಸಿ.